ಕಲ್ಲಿನ ಆಚೆಯ ಮನೆ

ಆ ಮಂಗಳವಾರ ನನ್ನ ಗಂಡ ಹಿರಿಯಡ್ಕದಿಂದ ನಾಲ್ಕೂವರೆಯ ಬಸ್ಸಿನಲ್ಲಿ ಬಂದರು. ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ನಾನು ಮೆಟ್ಟಿಲಲ್ಲಿ ಕುಳಿತು ಮುಳ್ಳುಗಳನ್ನು ಒಂದೊಂದಾಗಿ ಕಿತ್ತೆ. ಎರಡು ಸಾವಿರದ ಎರಡನೆಯ ಇಸವಿ, ಫೆಬ್ರವರಿ ತಿಂಗಳು. ಗೇರುಮರ ಹೂ ಬಿಟ್ಟಿತ್ತು. ಗುಡ್ಡೆಯ ಮೇಲಿನ ಬಿಸಿಲು ನೀರಿನ ಹಾಗೆ ಅಲುಗಾಡುತ್ತಿತ್ತು.

"ಎಂತ ಅಳೆದಿರಿ ಇವತ್ತು?"

"ಒಂದು ಬಾವಿ. ಅಣ್ಣನೂ ನನ್ನದು ಅನ್ನುತ್ತಾನೆ, ತಮ್ಮನೂ ನನ್ನದು ಅನ್ನುತ್ತಾನೆ. ನೋಡಿದರೆ ಗಡಿ ಬಾವಿಯ ನಡುವಿನಲ್ಲೇ ಹೋಗುತ್ತದೆ."

"ಮತ್ತೆ?"

"ಮತ್ತೆಂತ? ಸರಪಳಿಯನ್ನು ಬಾವಿಯ ಮೇಲೆ ಅಡ್ಡ ಹಿಡಿದೆವು. ಅರ್ಧ ನೀರು ಅವನಿಗೆ, ಅರ್ಧ ಇವನಿಗೆ. ಒಂದು ಕಪ್ಪೆ ಮಾತ್ರ ಎರಡೂ ಕಡೆ ಈಜುತ್ತಿತ್ತು. ಅದಕ್ಕೆ ನೋಟೀಸು ಹೋಗಿಲ್ಲ."

ನನಗೆ ನಗು ಬಂತು. ಅವರಿಗೂ ಬಂತು. ಆಮೇಲೆ ಗಂಜಿ ಉಂಡರು. ಒಣ ಸಿಗಡಿಯ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ಉಪ್ಪು ಸ್ವಲ್ಪ ಜಾಸ್ತಿ ಎಂದರು. ಹಾಗೆ ಹೇಳುತ್ತಲೇ ತಟ್ಟೆ ಬರಿದು ಮಾಡಿದರು. ಆ ದಿನದಲ್ಲಿ ಇದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾವಿಕಟ್ಟೆಯ ಹತ್ತಿರ ಕುಳಿತುಬಿಟ್ಟರು. ಎದೆಯ ಮೇಲೆ ಯಾರೋ ಕಲ್ಲು ಇಟ್ಟ ಹಾಗೆ ಆಗುತ್ತದೆ ಎಂದರು. ನೆರೆಮನೆಯ ಲಿಗೋರಿ ತನ್ನ ಓಮ್ನಿ ತಂದ. ಮಣಿಪಾಲದ ಆಸ್ಪತ್ರೆಗೆ ಹೊರಟೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಕಿಟಕಿಯಲ್ಲಿ ಗದ್ದೆ, ಗುಡ್ಡೆ, ನೀರು ಹರಿಯುವ ತೋಡು ಎಲ್ಲ ಹಿಂದಕ್ಕೆ ಹೋಗುತ್ತಿದ್ದವು. ಅವೆಲ್ಲ ಅವರು ಅಳೆದ ಜಾಗಗಳು. ಬೈಲೂರು ದಾಟುವಾಗ ಕಣ್ಣು ತೆರೆದಿತ್ತು. ಹಿರಿಯಡ್ಕದ ಪೇಟೆಗೆ ಬಂದಾಗಲೂ ತೆರೆದೇ ಇತ್ತು. ಲಿಗೋರಿ ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ. ನಿಧಾನ ಯಾಕೆ ಮಾಡುತ್ತೀ ಎಂದು ನಾನು ಬೈದೆ. ಅವನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

ನನ್ನ ಗಂಡನ ಹೆಸರು ಭೋಜ. ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುವ ಕೆಲಸ. ಸರಪಳಿ ಎಂದರೆ ಅರವತ್ತಾರು ಅಡಿ, ನೂರು ಕೊಂಡಿ, ಎರಡು ತುದಿಯಲ್ಲಿ ಹಿತ್ತಾಳೆಯ ಹಿಡಿ. ಸರ್ವೆಯರು ನಕ್ಷೆ ಬಿಡಿಸಿಕೊಂಡು ನೆರಳಲ್ಲಿ ನಿಲ್ಲುತ್ತಾರೆ. ಸರಪಳಿಯವನು ಮುಳ್ಳಿನ ಪೊದೆಯೊಳಗೆ, ತೋಡಿನೊಳಗೆ, ಹುತ್ತದ ಮೇಲೆ ನೇರ ಹೋಗಬೇಕು. ಸುತ್ತಿ ಹೋದರೆ ಅಳತೆ ಸುಳ್ಳಾಗುತ್ತದೆ. ಹತ್ತೊಂಬತ್ತನೆಯ ವರ್ಷಕ್ಕೆ ಸೇರಿದವರು ಕೊನೆಯವರೆಗೂ ಅದನ್ನೇ ಮಾಡಿದರು.

ಉದ್ದ, ತೆಳು ಮನುಷ್ಯ. ಎಲ್ಲಿ ನಡೆದರೂ ಹೆಜ್ಜೆ ಎಣಿಸುತ್ತಿದ್ದರು. ಕಾಪುವಿನ ನನ್ನ ತಾಯಿಮನೆಗೆ ಹೆಣ್ಣು ನೋಡಲು ಬಂದ ದಿನ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿ ಬಂದು, "ಅಂಗಳ ಮೂರು ಸೆಂಟ್ಸು ಉಂಟು," ಎಂದರು. "ಹೆಣ್ಣು ನೋಡಲಿಕ್ಕೆ ಬಂದದ್ದಾ, ಜಾಗ ನೋಡಲಿಕ್ಕೆ ಬಂದದ್ದಾ ಮಾರಾಯ್ರೆ?" ಎಂದು ನನ್ನ ಅಣ್ಣ ಕೇಳಿದ. ಅವರು ನಾಚಿ ತಲೆ ತಗ್ಗಿಸಿದರು. ನಾನು ಬಾಗಿಲ ಸಂದಿಯಿಂದ ಅವರ ಕಾಲನ್ನು ಮೊದಲು ನೋಡಿದೆ. ಮೊಣಕಾಲಿನವರೆಗೆ ಗೀರು.

ಮದುವೆಯಾಗಿ ಕುಕ್ಕುಂದೂರಿಗೆ ಬಂದೆ. ಮಕ್ಕಳಾಗಲಿಲ್ಲ. ಸಂಜೆ ಜಗಲಿಯಲ್ಲಿ ನಾನು ಅಕ್ಕಿ ಆರಿಸುತ್ತಿದ್ದರೆ ಅವರು ಜಾಗದ ಕಥೆ ಹೇಳುತ್ತಿದ್ದರು. ಮುದುಕ ಶಾನುಭೋಗರ ಬಾಯಿಂದ, ಹಳೆಯ ಸರ್ವೆಯರುಗಳ ಬಾಯಿಂದ ಕೇಳಿದ್ದು. ನಾನು ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಅವರ ದನಿ ಗದ್ದೆಯ ಮೇಲೆ ಮಂಜು ಬಂದ ಹಾಗೆ ಬರುತ್ತಿತ್ತು.

"ಮೊದಲು ಕಾಡು ಕಡಿದವನದ್ದೇ ಜಾಗ. ಎಷ್ಟು ಕಡಿದನೋ ಅಷ್ಟು. ಆಮೇಲೆ ಅವನಿಗೆ ಹೆದರಿಕೆಯಾಯಿತು, ಇಲ್ಲಿ ಮೊದಲೇ ಇದ್ದವರು ಕೋಪಿಸಿಕೊಂಡರೆ ಎಂತ ಮಾಡುವುದು ಎಂದು. ಒಂದು ಕಲ್ಲು ಹಾಕಿ ದೈವವನ್ನು ಕೂರಿಸಿದ. ಜಾಗ ನಿನ್ನದು, ನಾನು ಬರೀ ಬೇಸಾಯ ಮಾಡುವವ ಎಂದ. ಆಮೇಲೆ ಅರಸು ಬಂದ, ಬೀಡಿನ ಒಡೆಯರು ಬಂದರು. ಅವರು ಬೆಳೆಯಲ್ಲಿ ಪಾಲು ಕೇಳಿದರು. ಮತ್ತೆ ಬ್ರಿಟಿಷರು ಬಂದು, ಇದು ಯಾರದ್ದು ಎಂದು ಒಂದೊಂದೇ ಗದ್ದೆಯ ಹತ್ತಿರ ನಿಂತು ಕೇಳಿದರು. ಜಾಗದ ತೆರಿಗೆ, ತೀರ್ವೆ, ಕಟ್ಟುವವನ ಹೆಸರು ಬರೆದುಕೊಂಡರು. ಹೆಸರಿಲ್ಲದ್ದು ಸರಕಾರದ್ದು ಎಂದರು. ಗುಡ್ಡೆ, ಬಂಡೆ, ಗಾಳಿ, ಎಲ್ಲ ಸರಕಾರದ್ದು."

"ಗಾಳಿಯೂ?"

"ನೀನು ನಿದ್ದೆ ಮಾಡಿದ್ದಿ ಅಂದುಕೊಂಡೆ."

ಗೇಣಿಯ ಕಥೆಯೂ ಹೇಳುತ್ತಿದ್ದರು. ಮೂಲಗೇಣಿ ಎಂದರೆ ಸೂರ್ಯಚಂದ್ರರು ಇರುವವರೆಗೆ ಒಕ್ಕಲನ್ನು ಎಬ್ಬಿಸುವ ಹಾಗಿಲ್ಲ. ಚಾಲಗೇಣಿ ಎಂದರೆ ಒಡೆಯರು ಏಳು ಎಂದ ದಿನ ಏಳಬೇಕು. ಅವರ ಹಿರಿಯರು ಚಾಲಗೇಣಿಯವರು. ಎಪ್ಪತ್ತನಾಲ್ಕರಲ್ಲಿ ಕಾನೂನು ಬಂದು, ಉಳುವವನಿಗೇ ಭೂಮಿ ಎಂದಾಯಿತು. ಗೇಣಿಗೆ ಉಳುವವರು ನಾವು ಎಂದು ಅವರ ತಾಯಿ ಡಿಕ್ಲರೇಶನ್ ಕೊಟ್ಟರು. ಎರಡೂಕಾಲು ಎಕರೆ ಕುಟುಂಬಕ್ಕೆ ಬಂತು. ಆದೇಶ ಕೈಗೆ ಬಂದ ದಿನವೂ ತಾಯಿ ಮೊದಲ ಬಾಳೆಗೊನೆ ಹೊತ್ತುಕೊಂಡು ಒಡೆಯರ ಬೀಡಿಗೆ ಹೊರಟರಂತೆ. "ಈಗ ನಮ್ಮದೇ ಅಲ್ವಾ ಅಮ್ಮ," ಎಂದು ಇವರು ತಡೆದರೆ, "ಅದು ಬಾಳೆಗೆ ಇನ್ನೂ ಗೊತ್ತಾಗಲಿಲ್ಲ," ಎಂದರಂತೆ.

ನಮ್ಮದು ಅಳಿಯ ಸಂತಾನ. ಆಸ್ತಿ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಕ್ಕಳಿಗೆ. ಗಂಡುಮಗ ಇದ್ದಷ್ಟು ದಿನ ಉಣ್ಣಬಹುದು. ಅವನು ಹೋದ ಮೇಲೆ ಅವನ ಹೆಂಡತಿ ತನ್ನ ತಾಯಿಮನೆಗೆ ಹೋಗಬೇಕು. ಅದಕ್ಕೂ ಅವರಲ್ಲಿ ಕಥೆ ಇತ್ತು. ಹಿಂದೆ ಒಬ್ಬ ಅರಸನಲ್ಲಿ ಭೂತವು ಮಗನನ್ನು ಬಲಿ ಕೇಳಿತಂತೆ. ಅರಸನ ಹೆಂಡತಿ ಕೊಡುವುದಿಲ್ಲ ಎಂದಳಂತೆ. ಅವನ ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳಂತೆ. ಅಂದಿನಿಂದ ಆಸ್ತಿ ತಂಗಿಯ ಮಕ್ಕಳಿಗೆ.

"ಆ ಹೆಂಡತಿ ಮಾಡಿದ್ದು ತಪ್ಪಾ?" ಎಂದು ನಾನು ಒಮ್ಮೆ ಕೇಳಿದೆ.

ಅವರು ನನ್ನ ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ತಪ್ಪಲ್ಲ," ಎಂದರು.

ಕೆಳಗೆ ಕುಟುಂಬದ ಹಳೆಯ ಮನೆ. ಅಲ್ಲಿ ಅವರ ಅಕ್ಕ ಗುಲಾಬಿ ಮತ್ತು ಅವಳ ಮಗ ಸುಕೇಶ. ಮೇಲೆ ಗುಡ್ಡೆಯ ಮಗ್ಗುಲಲ್ಲಿ ನಾವಿಬ್ಬರೂ ಕೆಂಪು ಮುರಕಲ್ಲಿನಲ್ಲಿ ಕಟ್ಟಿಸಿದ ಸಣ್ಣ ಮನೆ. ಕಲ್ಲು ನಾನೂ ಹೊತ್ತಿದ್ದೇನೆ.

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯಿತು. ಅಣ್ಣ ಕಾಪುವಿನಿಂದ ರಿಕ್ಷಾ ಮಾಡಿಕೊಂಡು ಬಂದಿದ್ದ, ನನ್ನನ್ನು ಕರೆದುಕೊಂಡು ಹೋಗಲು. ಅದೇ ಕ್ರಮ. ಎಲ್ಲರಿಗೂ ಗೊತ್ತಿತ್ತು.

ಸುಕೇಶ ಬಂದು ನಿಂತ. ಕಾರ್ಕಳದ ತಾಲೂಕು ಕಚೇರಿಯ ಎದುರು ಅವನ ಜೆರಾಕ್ಸ್ ಅಂಗಡಿ. "ಮಾಮಿ, ಬೀಗದ ಕೈ ಅಮ್ಮನಲ್ಲಿ ಕೊಟ್ಟು ಹೋಗಿ. ಹೆಂಚು ಒಡೆದರೆ ನೋಡಲಿಕ್ಕೆ ಜನ ಬೇಕಲ್ವಾ," ಎಂದ.

"ನಾನು ಹೋಗುವುದಿಲ್ಲ," ಎಂದೆ.

ಅಣ್ಣ ಹತ್ತಿರ ಬಂದು ಹೆಸರು ಹಿಡಿದು ಕರೆದ. "ಎಂತ ಹೇಳುತ್ತೀ ಅಕ್ಕು? ಇಲ್ಲಿ ನಿನಗೆ ಯಾರುಂಟು?"

"ಅವರ ಒಂದು ಪ್ಯಾಂಟು ಒಗೆಯಲಿಕ್ಕೆ ಉಂಟು."

ಅಣ್ಣ ನನ್ನ ಮುಖ ನೋಡಿದ. ತಲೆ ಕೆಟ್ಟಿದೆ ಅಂದುಕೊಂಡನೋ ಏನೋ. ಖಾಲಿ ರಿಕ್ಷಾದಲ್ಲಿ ವಾಪಸು ಹೋದ. ಪ್ಯಾಂಟು ನಾನು ಒಗೆಯಲಿಲ್ಲ.

ಗುಲಾಬಿಯಕ್ಕ ಅಂಗಳದಲ್ಲಿ ನಿಂತೇ ಹೇಳಿದಳು. "ಮನೆ ನನ್ನ ತಮ್ಮನದ್ದು, ಜಾಗ ನನ್ನದು. ಮಳೆಗಾಲದವರೆಗೆ ಇರು. ಮತ್ತೆ ನಿನ್ನವರಲ್ಲಿಗೆ ಹೋಗು. ಕಟ್ಟು ಮೀರುವುದು ಬೇಡ." ಅವಳು ಕೆಟ್ಟವಳಲ್ಲ. ಅವಳ ಅತ್ತಿಗೆಯರು, ಮಾಮಿಯಂದಿರು ಎಲ್ಲ ಹೀಗೆಯೇ ಹೋದವರು.

ಮಳೆಗಾಲಕ್ಕೆ ಮೂರು ತಿಂಗಳು ಇತ್ತು. ಆ ದಿನಗಳು ಸರಿಯಾಗಿ ನೆನಪಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಮಲಗಿದರೆ ಸರಪಳಿಯ ಸದ್ದು ಕೇಳುತ್ತಿತ್ತು. ಒಣ ಎಲೆಯ ಮೇಲೆ ಎಳೆದುಕೊಂಡು ಹೋಗುವ ಸದ್ದು. ನಾನು ಒಂದು ತುದಿ ಹಿಡಿದಿರುತ್ತಿದ್ದೆ. ಇನ್ನೊಂದು ತುದಿ ಗುಡ್ಡೆ ಹತ್ತಿ ಆಚೆ ಇಳಿದು ಹೋಗಿರುತ್ತಿತ್ತು. ಹಿಡಿದವರು ಕಾಣುತ್ತಿರಲಿಲ್ಲ. ಎಳೆದಾಗ ಆ ಕಡೆಯಿಂದಲೂ ಮೆಲ್ಲನೆ ಎಳೆಯುತ್ತಿದ್ದರು. ಬಿಗಿಯಾಗಿರುತ್ತಿತ್ತು. ಎಚ್ಚರವಾದರೆ ಕೈ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಎದುರು ಗೇರುಹಣ್ಣು ಬಿದ್ದು ಕೊಳೆಯುವ ವಾಸನೆ. ಬೆಳಕು ಎಲ್ಲೂ ಕದಲದೆ ನಿಂತಿರುತ್ತಿತ್ತು. ಯಾವ ತಿಂಗಳು ಎಂದು ಯೋಚಿಸಬೇಕಾಗುತ್ತಿತ್ತು.

ಮೇ ತಿಂಗಳಲ್ಲಿ ಸುಕೇಶ ಕಂಪ್ಯೂಟರಿನ ಆರ್‌ಟಿಸಿ ತಂದ. ಆಗ ಹೊಸದಾಗಿ ಬಂದದ್ದು, ಕೈಬರಹದ ಪಹಣಿ ನಿಂತುಹೋಗಿತ್ತು. ಅದರಲ್ಲಿ ಅವನ ಅಜ್ಜಿಯ ಹೆಸರು ಇತ್ತು. ಅದನ್ನು ತಾಯಿಯ ಹೆಸರಿಗೆ ಮಾಡಿ ಪಾಲು ಬರೆಸಬೇಕು ಎಂದ. ಗಡಿ ಗುರುತಿಸಲು ಅರ್ಜಿ ಕೊಟ್ಟ.

ಅಳೆಯಲು ಬಂದವರು ಸರ್ವೆಯರ್ ಗುಣಪಾಲರು. ಇಪ್ಪತ್ತು ವರ್ಷ ನನ್ನ ಗಂಡ ಅವರ ಸರಪಳಿ ಎಳೆದಿದ್ದರು. ಮುಖ ಕೊಟ್ಟು ನನ್ನಲ್ಲಿ ಮಾತನಾಡಲು ಅವರಿಗೆ ಕಷ್ಟವಾಯಿತು. ಚಹಾ ಕೊಟ್ಟೆ, ಕುಡಿದರು. ಅಂದು ಅವರ ಜೊತೆ ಸರಪಳಿಯವನು ಬಂದಿರಲಿಲ್ಲ. ಸುಕೇಶನೇ ಹಿಡಿದ.

"ನೇರ ಎಳೆ ಮಾರಾಯ. ನಿನ್ನ ಮಾಮ ಆಗಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು."

"ಮಾಮನಿಂದ ನಮಗೆ ಜಾಗ ಬರುತ್ತದೆ ಸರ್, ಕೆಲಸ ಬರುವುದಿಲ್ಲ."

ನೋಡಲು ಬಂದಿದ್ದ ಲಿಗೋರಿ ನಕ್ಕ. ನಗಬಾರದಿತ್ತು ಎಂದು ಆಮೇಲೆ ತೋರಿತು, ಬಾಯಿ ಒರೆಸಿಕೊಂಡ.

ಕೆಳಗಿನ ಮೂರು ಮೂಲೆಯ ಕಲ್ಲು ಸಿಕ್ಕಿತು. ಮೇಲಿನದು ಸಿಗಲಿಲ್ಲ. ನಕ್ಷೆ ನೋಡಿ, ಲೆಕ್ಕ ಹಾಕಿ, ನಮ್ಮ ಮೆಟ್ಟಿಲಿನ ಕೆಳಗೆ ಹಲಸಿನ ಮರದ ಬುಡದಲ್ಲಿ ಅಗೆಸಿದರು. ಎಲೆಮಣ್ಣಿನ ಕೆಳಗೆ ಕಲ್ಲು ಇತ್ತು. ಅದರ ತಲೆಯ ಮೇಲೆ ಉಳಿಯಲ್ಲಿ ಕಚ್ಚು ಹಾಕಿದ ಗುರುತು ಹಾಗೆಯೇ ಇತ್ತು.

ಗುಣಪಾಲರು ಕಲ್ಲನ್ನು ನೋಡಿದರು. ಮನೆಯನ್ನು ನೋಡಿದರು. ಮತ್ತೊಮ್ಮೆ ಅಳೆಸಿದರು. ಮೂರನೆಯ ಸಲ ತಾವೇ ಸರಪಳಿ ಹಿಡಿದರು.

"ಗಡಿ ಇಲ್ಲಿಗೆ ಮುಗಿಯಿತು," ಎಂದರು. "ಮನೆ ಆಚೆ ಉಂಟು. ಮೆಟ್ಟಿಲಿಗೆ ಮೂವತ್ತು ಕೊಂಡಿ."

ಸುಕೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದು ನಕ್ಕ. "ಊರಿಡೀ ಅಳೆದ ಮಾಮ ಸ್ವಂತ ಮನೆಯನ್ನು ಗಡಿಯ ಹೊರಗೆ ಕಟ್ಟಿದ್ದಾರೆ!"

ನನಗೆ ಅವರ ಪರವಾಗಿ ನಾಚಿಕೆಯಾಯಿತು. ತೀರಿಕೊಂಡ ಮನುಷ್ಯನನ್ನು ಅವರದ್ದೇ ಅಂಗಳದಲ್ಲಿ ಗೇಲಿ ಮಾಡುತ್ತಿದ್ದರು. ಗುಣಪಾಲರು ನಗಲಿಲ್ಲ. "ಭೋಜನಿಗೆ ಕಣ್ಣಳತೆಯಲ್ಲಿ ಒಂದು ಕೊಂಡಿ ತಪ್ಪುತ್ತಿರಲಿಲ್ಲ. ಮೂವತ್ತು ಹೇಗೆ ತಪ್ಪಿತು?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

"ಹಾಗಾದರೆ ಮನೆ ಯಾರ ಜಾಗದಲ್ಲಿ ಉಂಟು ಸರ್?" ಲಿಗೋರಿ ಕೇಳಿದ.

"ಇದು ಕುಮ್ಕಿ. ಸರಕಾರದ ಜಾಗ. ಪಕ್ಕದ ಪಟ್ಟಾದವರು ಬೇಸಾಯಕ್ಕೆ ಸೊಪ್ಪು, ಸೌದೆ ತೆಗೆಯಬಹುದು. ಬ್ರಿಟಿಷರ ಕಾಲದಿಂದ ಈ ಜಿಲ್ಲೆಯಲ್ಲಿ ಆ ಹಕ್ಕು ಉಂಟು. ಸೊಪ್ಪು ಗುಲಾಬಿಯವರದ್ದು. ಮಣ್ಣು ಅವರದ್ದಲ್ಲ."

ಸುಕೇಶನ ನಗು ನಿಂತಿತು. "ಅಂದರೆ ಮನೆ ನಮ್ಮ ಪಾಲಿಗೆ ಬರುವುದಿಲ್ವಾ?"

"ಪಾಲು ಮಾಡಬೇಕಾದರೆ ಮೊದಲು ನಿಮ್ಮದಾಗಬೇಕಲ್ಲ."

"ಮಾಮಿಯದ್ದಾ ಹಾಗಾದರೆ?"

"ಅವರದ್ದೂ ಅಲ್ಲ. ಅವರು ಅಲ್ಲಿ ಇದ್ದಾರೆ, ಅಷ್ಟೆ."

"ನಾವು ತಾಲೂಕು ಕಚೇರಿಗೆ ಒಂದು ಅರ್ಜಿ ಕೊಟ್ಟರೆ? ಕುಮ್ಕಿಯಲ್ಲಿ ಅಕ್ರಮ ಮನೆ ಎಂದು?"

ಗುಣಪಾಲರು ಸರಪಳಿ ಮಡಿಸುತ್ತ ಹೇಳಿದರು. "ಕೊಡು. ಎಬ್ಬಿಸಿಯಾರು. ಆಗ ನಿನ್ನ ಮಾಮಿಯೂ ಒಂದು ಅರ್ಜಿ ಕೊಟ್ಟಾರು. ಅಳಿಯ ಸಂತಾನದ ಕಟ್ಟು ಬೇರೆ, ಐವತ್ತಾರರ ವಾರಸು ಕಾನೂನು ಬೇರೆ. ಕುಟುಂಬದ ಆಸ್ತಿಯಲ್ಲಿ ಭೋಜನಿಗೆ ಎಷ್ಟು ಪಾಲು ಉಂಟೋ ಅದು ಕಾನೂನಿನಲ್ಲಿ ಹೆಂಡತಿಗೆ. ಗದ್ದೆಯೂ ಸೇರಿ."

ಗುಲಾಬಿಯಕ್ಕ ಕಲ್ಲಿನ ಹತ್ತಿರ ನಿಂತಿದ್ದವಳು ನನ್ನನ್ನು ನೋಡಿದಳು. ಅವಳಿಗೆ ಹೆದರಿಕೆಯಾದದ್ದನ್ನು ಅಂದೇ ಮೊದಲು ನೋಡಿದೆ. ನನಗೆ ಗದ್ದೆ ಬೇಡವಾಗಿತ್ತು. ಆ ಜಗಲಿ ಬೇಕಿತ್ತು.

ಎಲ್ಲರೂ ಹೋದ ಮೇಲೆ ಮೆಟ್ಟಿಲಲ್ಲಿ ಕುಳಿತೆ. ಸಂಜೆಯ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಆಗ ಎಂಬತ್ತನೆಯ ಇಸವಿಯ ಒಂದು ದಿನ ಎದುರಿಗೆ ಬಂತು. ಮನೆಗೆ ಜಾಗ ಗುರುತು ಮಾಡಿದ ದಿನ. ಅವರು ನನ್ನ ಕೈಗೆ ಹಿತ್ತಾಳೆಯ ಹಿಡಿ ಕೊಟ್ಟು, ಗುಡ್ಡೆಯ ಕಡೆಗೆ ನಡೆ ಎಂದರು. ನಡೆದೆ.

"ಸಾಕಾ?"

"ಇನ್ನೂ ಮೇಲೆ ಹೋಗು."

"ಇಲ್ಲಿಗೆ ಸಾಕಾ? ಇಲ್ಲಿ ಸಮ ಉಂಟಲ್ಲ."

"ಇನ್ನೂ ಸ್ವಲ್ಪ."

ಬೆನ್ನು ಗೇರುಮರಕ್ಕೆ ತಾಗಿದಾಗ ಸಾಕು ಎಂದರು. ಕೆಳಗಿನ ಸಮನೆಲ ಬಿಟ್ಟು ಇಳಿಜಾರಿನಲ್ಲಿ ಯಾಕೆ ಎಂದು ನಾನು ಜಗಳ ಮಾಡಿದೆ. ನೀರು ಹೊರುವವಳು ನಾನಲ್ಲವೇ. ಅವರು ಹಲಸಿನ ಬುಡದಲ್ಲಿ ನಿಂತಿದ್ದರು. ಕಾಲಿನಿಂದ ಎಲೆ ದೂಡಿ ಏನನ್ನೋ ಮುಚ್ಚುತ್ತಿದ್ದರು. ಸರಪಳಿ ಹಿಡಿದದ್ದು ನಿಜ, ಜಗಳ ನಿಜ. ಎಲೆ ದೂಡಿದ್ದು ನಡೆದದ್ದಾ, ಆ ಮೂರು ತಿಂಗಳ ನಿದ್ದೆಯಲ್ಲಿ ಬಂದು ಸೇರಿಕೊಂಡದ್ದಾ, ಹೇಳಲಾರೆ.

ನನಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ. ಅರಸರ ಕಥೆ ಹೇಳಿದರು, ಬ್ರಿಟಿಷರ ಕಥೆ ಹೇಳಿದರು. ನನಗಾಗಿ ಮನೆಯನ್ನು ಕಲ್ಲಿನ ಆಚೆ ಇಟ್ಟದ್ದೊಂದನ್ನು ಹೇಳಲಿಲ್ಲ. ಹೇಳಿದ್ದರೆ ಹೆದರುತ್ತಿದ್ದೆ, ಅದೂ ನಿಜ. ತಿಂಗಳುಗಟ್ಟಲೆ ಬಾರದ ಅಳು ಆ ಸಿಟ್ಟಿನೊಟ್ಟಿಗೆ ಬಂತು.

ಮರುದಿನ ಬೆಳಗ್ಗೆ ಗುಲಾಬಿಯಕ್ಕ ಒಬ್ಬಳೇ ಗುಡ್ಡೆ ಹತ್ತಿ ಬಂದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲಲ್ಲಿ ಕುಳಿತಳು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಅರ್ಜಿ ಕೊಡುತ್ತೀಯಾ?"

"ನೀವು ಕೊಡುತ್ತೀರಾ?"

"ನಾನು ಮೊದಲು ಕೇಳಿದ್ದು."

ಕೆಳಗೆ ಅವಳ ಹಟ್ಟಿಯಲ್ಲಿ ದನ ಕೂಗಿತು.

"ನನ್ನ ಸೊಪ್ಪಿನ ಗುಡ್ಡೆಯಲ್ಲಿ ನಿನ್ನ ಗಂಡ ಮನೆ ಕಟ್ಟಿದ," ಎಂದಳು.

"ನಿಮ್ಮ ತಮ್ಮ."

"ಹೌದು, ನನ್ನ ತಮ್ಮ. ಕಳ್ಳ." ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಸಣ್ಣಂದಿನಿಂದಲೂ ಹಾಗೆಯೇ. ಬಾಯಲ್ಲಿ ಒಂದು ಮಾತಿಲ್ಲ, ಮಾಡುವುದೆಲ್ಲ ಮಾಡಿ ಆಗುತ್ತದೆ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು. "ಅವನಿದ್ದಾಗ ರಜೆಯ ದಿನ ದನದ ಕಾಲಡಿಗೆ, ಗೊಬ್ಬರಕ್ಕೆ ಎಂದು ಹಟ್ಟಿಗೆ ಸೊಪ್ಪು ತಂದು ಹಾಕುತ್ತಿದ್ದ. ಈಗ ಯಾರು ಹಾಕುತ್ತಾರೆ? ಸುಕೇಶನಿಗೆ ಅಂಗಡಿ. ನನ್ನ ಕಾಲು ಗುಡ್ಡೆ ಹತ್ತುವುದಿಲ್ಲ."

"ನಾನು ಹಾಕುತ್ತೇನೆ."

"ದಿನಾ ಬೇಕು."

"ದಿನಾ."

"ಮಳೆಗಾಲದಲ್ಲಿ?"

"ಮಳೆಗಾಲದಲ್ಲಿಯೂ."

"ತಪ್ಪಿದರೆ?"

"ತಪ್ಪಿದರೆ ಅರ್ಜಿ ಕೊಡಿ."

ಅವಳು ಎದ್ದಳು. ಇಳಿಯುವಾಗ ಕಲ್ಲಿನ ಹತ್ತಿರ ನಿಂತು, "ಗೇರಿನ ಎಲೆ ಬೇಡ, ಕೊಳೆಯುವುದಿಲ್ಲ," ಎಂದಳು.

ಸುಕೇಶ ಎರಡು ತಿಂಗಳು ನನ್ನಲ್ಲಿ ಮಾತು ಬಿಟ್ಟ. ಇದನ್ನೆಲ್ಲ ಕಾಗದದಲ್ಲಿ ಬರೆಸಬೇಕು ಎಂದು ತಾಯಿಯ ಹಿಂದೆ ಬಿದ್ದ. ಅವನ ಅಂಗಡಿಯಲ್ಲೇ ಛಾಪಾ ಕಾಗದ ಇತ್ತು. ಗುಲಾಬಿಯಕ್ಕ ಹೆಬ್ಬೆಟ್ಟು ಒತ್ತಲಿಲ್ಲ. "ಬರೆದರೆ ಅದು ಗೇಣಿಯಾಗುತ್ತದೆ. ಮತ್ತೆ ಅವಳು ಡಿಕ್ಲರೇಶನ್ ಕೊಟ್ಟರೆ?" ಎಂದಳಂತೆ. ಲಿಗೋರಿ ಬಂದು ಹೇಳಿದ. ನಾನು ಆ ದಿನ ನಕ್ಕೆ.

ಈಗ ಏಳು ವರ್ಷವಾಯಿತು. ಪಂಚಾಯತಿನವರು ಮನೆಗೆ ನಂಬರು ಕೊಟ್ಟಿದ್ದಾರೆ, ಕರೆಂಟು ಬಂದಿದೆ. ಜಾಗ ಈಗಲೂ ಯಾರದ್ದೂ ಆಗಿಲ್ಲ. ಗುಣಪಾಲರು ನಿವೃತ್ತಿಯಾಗಿ ಉಡುಪಿಯ ಕಡಿಯಾಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಹಟ್ಟಿಯಲ್ಲಿ ನಾಲ್ಕು ದನ ಇದ್ದದ್ದು ಈಗ ಒಂದೇ.

ಬೆಳಕು ಹರಿಯುವ ಮೊದಲು ಎದ್ದು ಬುಟ್ಟಿ ತೆಗೆದುಕೊಳ್ಳುತ್ತೇನೆ. ಬೇಸಗೆಯಲ್ಲಿ ಹಿಡಿಸೂಡಿಯಿಂದ ತರಗೆಲೆ ಗುಡಿಸಿ ತುಂಬುತ್ತೇನೆ. ಮಳೆಗಾಲದಲ್ಲಿ ಕತ್ತಿ ಬೇಕು, ಹಸಿ ಸೊಪ್ಪು ಕಡಿಯಬೇಕು. ಗುಡ್ಡೆಯ ಮೇಲೆ ಆ ಹೊತ್ತಿಗೆ ಮಂಜು ಇರುತ್ತದೆ, ಎರಡು ಮರದ ಆಚೆ ಕಾಣುವುದಿಲ್ಲ. ಬುಟ್ಟಿಯನ್ನು ತಲೆಗೆ ಎತ್ತಿ ಇಳಿಯುತ್ತೇನೆ. ಗುಲಾಬಿಯಕ್ಕ ಒಳಗಿನಿಂದ ಕೆಮ್ಮುತ್ತಾಳೆ, ನಾನು ಬಂದದ್ದು ಗೊತ್ತಾಯಿತು ಎಂದು. ಹಟ್ಟಿಯ ಬಾಗಿಲು ತೆಗೆದರೆ ದನ ಎದ್ದು ಒಂದು ಬದಿಗೆ ಸರಿಯುತ್ತದೆ. ನಾನು ಸೊಪ್ಪು ಹರಡುತ್ತೇನೆ.